ಪಾಳಿಯ ಸೈರನ್

ಪಿಯಾನೋ ಮುಂದೆ ಕೂತ ಏಳು ವರ್ಷದ ಕುಮುದಳ ಬೆರಳು ಅಲುಗಲೇ ಇಲ್ಲ. ಪೀಣ್ಯದ ಕಾರ್ಖಾನೆ ಕಾಲೊನಿಯ ಹಾಲ್ ತುಂಬಿತ್ತು. ಮಕ್ಕಳ ಈ ಕಾರ್ಯಕ್ರಮಕ್ಕೆ ಸೀತಾಲಕ್ಷ್ಮಿ ಮಿಸ್ ಪುಟ್ಟ ಪುಟ್ಟ ಹಾಡುಗಳನ್ನೇ ಆರಿಸಿದ್ದರು, ಕೊನೆಗೆ ಹಂಚಲು ಮೈಸೂರುಪಾಕನ್ನೂ ಮಾಡಿಸಿದ್ದರು. ಈಗ ಇವಳು ಅತ್ತರೆ ಪರದೆ ಹಿಂದೆ ಸರದಿ ಕಾಯುತ್ತಿರುವ ಮಕ್ಕಳೆಲ್ಲ ಅಳುವವರೇ.

"ನುಡಿಸು ಪುಟ್ಟಿ," ಎಂದು ಅವರು ಪಿಸುಗುಟ್ಟುವಷ್ಟರಲ್ಲಿ ಪಾಳಿ ಮುಗಿದ ಸೈರನ್ ಕೂಗಿತು. ಮಿಸ್ ಹಣೆ ಚಚ್ಚಿಕೊಂಡರು. ದಿನಾ ಕೇಳಿ ಕೇಳಿ, ಅದೊಂದು ಇದೆಯೆಂಬುದೇ ಅವರಿಗೆ ಮರೆತುಹೋಗಿತ್ತು.

ಕುಮುದ ತಲೆ ವಾಲಿಸಿ ಆಲಿಸಿದಳು. ಮೆಲ್ಲಗೆ ಪಿಯಾನೋದ ಒಂದು ಕೀ ಒತ್ತಿದಳು, ಅದಲ್ಲ. ಪಕ್ಕದ್ದು ಒತ್ತಿದಳು. ಥೇಟ್ ಸೈರನ್ನಿನದೇ ಸ್ವರ.

"ಮಿಸ್, ಸಿಕ್ಬಿಡ್ತು!"

ಹಾಲ್‌ಗೆ ಹಾಲೇ ನಕ್ಕಿತು. ಅವಳೂ ನಕ್ಕಳು.

ಸೈರನ್ ನಿಂತಿತು. ಕುಮುದಳ ಬೆರಳು ನಿಲ್ಲಲಿಲ್ಲ.