ಒಳಗುಳಿದ ಬೆಳಕು

ಎಲ್‌ಇಡಿ ದೀಪ ಕೆಟ್ಟರೆ ಗದಗದ ಜನ ಅದನ್ನು ಎಸೆಯುವುದಿಲ್ಲ, ಜುಬೇದಾಳ ಅಂಗಡಿಗೆ ತರುತ್ತಾರೆ. ಇಷ್ಟು ವರ್ಷ ಹೊರಗೆ ಬರಲು ದಾರಿ ಸಿಗದ ಬೆಳಕು ಅದರೊಳಗೇ ಉಳಿದಿರುತ್ತದೆ. ದೀಪದ ನುಣುಪು ಮೈಯನ್ನು ಸ್ಯಾಂಡ್‌ಪೇಪರಿನಿಂದ ತಿಕ್ಕಿ ಒರಟು ಮಾಡಿದರೆ, ಅಷ್ಟೂ ಬೆಳಕು ಒಮ್ಮೆಲೇ ಹೊರಬಂದು ಮುಗಿದುಹೋಗುತ್ತದೆ.

ಅವತ್ತು ಬೆಳಿಗ್ಗೆ ಫಕೀರಪ್ಪ ತಮ್ಮ ಫೋಟೋ ಸ್ಟುಡಿಯೋದ ದೊಡ್ಡ ದೀಪ ತಂದಿದ್ದರು. ಕೊರಳಲ್ಲಿ ಕ್ಯಾಮೆರಾ ಇತ್ತು.

"ಇದರ ಮುಂದ ಅರ್ಧ ಊರು ಕುಂತೈತಿ, ಜುಬೇದಾ. ಬೆಳಕು ಹೊರಗ ಬಂದ್ರ ಅವರ ಮುಖ ಕಾಣ್ತಾವೇನು?"

"ಅವರನ್ನ ನೋಡಿದ್ದು ಹೊರಗ ಹೋದ ಬೆಳಕರಿ, ಅಜ್ಜಾರ. ಒಳಗ ಉಳದದ್ದು ಇನ್ನೂ ಯಾರ ಮುಖಾನೂ ನೋಡಿಲ್ಲ."

ಫಕೀರಪ್ಪನವರ ಮುಖ ಸಪ್ಪಗಾಯಿತು. ಜುಬೇದಾ ದೀಪ ತಿಕ್ಕುತ್ತಲೇ ಕೇಳಿದಳು:

"ನಿಮ್ಮದೊಂದು ಫೋಟೋ ಐತೇನ್ರಿ?"

"ನಾ ದೀಪದ ಹಿಂದ ನಿಲ್ಲಾಂವ. ನನ್ನ ಫೋಟೋ ಯಾರು ತಗೀಬೇಕು?"

ಜುಬೇದಾ ತಿಕ್ಕುತ್ತಾ ಹೋದಳು. ಇನ್ನೊಂದೇ ಸಲ ತಿಕ್ಕಿದರೆ ಸಾಕು ಎನ್ನುವಾಗ ಕೈ ನಿಲ್ಲಿಸಿದಳು. ಸ್ಟೂಲನ್ನು ದೀಪದ ಎದುರಿಗೆ ಎಳೆದಿಟ್ಟು, ಕ್ಯಾಮೆರಾಕ್ಕೆ ಕೈಚಾಚಿದಳು.

"ಕುಂಡ್ರಿ. ಅಲುಗಾಡಬ್ಯಾಡ್ರಿ. ಇದು ಒಮ್ಮೆ ಮಾತ್ರ ಬರೂದು."

ಫಕೀರಪ್ಪ ಕುಳಿತರು. ಮೂವತ್ತು ವರ್ಷ ಊರಿಗೆಲ್ಲ ಕೈ ಹೀಗಿಡಿ, ಹಾಗಿಡಿ ಎಂದು ಹೇಳಿಕೊಟ್ಟವರು, ತಮ್ಮ ಎರಡು ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವಳ ಮುಖ ನೋಡಿದರು.