ಮೇಷ್ಟ್ರ ಬ್ರೇಕು

“ಬಾಯಿ ಬಿಟ್ಟರೆ ಪರೀಕ್ಷೆ ರದ್ದು ಸರ್, ನೆನಪಿರಲಿ” ಎಂದು ಆನ್‌ಲೈನ್ ಕೋರ್ಸ್ ತಯಾರಿಸುವ ಮೇಡಂ ಮೂರನೆಯ ಸಲ ಹೇಳಿ, ಬ್ರೇಕ್ ಮೇಷ್ಟ್ರನ್ನು ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ ಕೂರಿಸಿದರು. ಡ್ರೈವಿಂಗ್ ಸ್ಕೂಲಿನ ಆ ಪುಟ್ಟ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತಿದ್ದ ವಿದ್ಯಾರ್ಥಿನಿ ಬೇರೆ ಯಾರೂ ಅಲ್ಲ, ಮೇಷ್ಟ್ರ ಹೆಂಡತಿ. ಡ್ರೈವಿಂಗ್ ಬಾರದವರು ಒಬ್ಬರು ಬೇಕು ಎಂದು ಮೇಡಂ ಕೇಳಿದಾಗ, ನಮ್ಮ ಮನೆಯಲ್ಲೇ ಒಬ್ಬಳಿದ್ದಾಳಲ್ಲ ಎಂದು ಮೇಷ್ಟ್ರು ನಗುತ್ತಾ ಹೇಳಿಬಿಟ್ಟಿದ್ದರು. ಈಗ ನಗು ಬರುತ್ತಿರಲಿಲ್ಲ.

ಕಲಿಸುವ ಕಾರಿನಲ್ಲಿ ಮೇಷ್ಟ್ರ ಸೀಟಿನ ಕೆಳಗೂ ಒಂದು ಬ್ರೇಕ್ ಇರುತ್ತದೆ. ಇಪ್ಪತ್ತೆಂಟು ವರ್ಷ ಊರವರ ಬ್ರೇಕನ್ನೆಲ್ಲ ತಾವೇ ಒತ್ತಿ ಒತ್ತಿ ಇವರ ಬಲಮಂಡಿ ಸವೆದುಹೋಗಿತ್ತು, ಬ್ರೇಕ್ ಮೇಷ್ಟ್ರು ಎಂಬ ಹೆಸರೂ ಬಂದಿತ್ತು. ಡಾಕ್ಟರು ಆಪರೇಷನ್ ಮಾಡಿ, ಇನ್ನು ಆ ಸೀಟಿನ ಕಡೆ ತಲೆ ಹಾಕಬೇಡಿ ಎಂದಿದ್ದರು. ಸ್ಕೂಲಿನ ಯಜಮಾನರು ಒಳ್ಳೆಯವರು. ಕಾರು ಹತ್ತುವ ಮೊದಲು ಆನ್‌ಲೈನಿನಲ್ಲಿ ಕಲಿಯುವ ಕೋರ್ಸ್ ಮಾಡಿಸೋಣ, ಅದಕ್ಕೆ ನೀವೇ ಮೇಷ್ಟ್ರು ಎಂದರು. ಆದರೆ ಇವತ್ತಿನ ಪರೀಕ್ಷೆ ಗೆದ್ದರೆ ಮಾತ್ರ: ಡ್ರೈವಿಂಗ್ ಬಾರದವರೊಬ್ಬರು ಪರದೆಯ ಮೇಲಿನ ರಸ್ತೆಯಲ್ಲಿ, ಮೇಷ್ಟ್ರು ಹೇಳಿಕೊಡದೆಯೇ, ಸರಿಯಾದ ಹೊತ್ತಿಗೆ ಕಾರು ನಿಲ್ಲಿಸಬೇಕು. ಸೋತರೆ ಕೋರ್ಸೂ ಇಲ್ಲ, ಕೆಲಸವೂ ಇಲ್ಲ.

ಮೇಷ್ಟ್ರು ಹುಮ್ಮಸ್ಸಿನಿಂದ ನಲವತ್ತೆರಡು ಪಾಠ ರೆಕಾರ್ಡ್ ಮಾಡಿಕೊಟ್ಟರು. ಮೇಡಂ ಒಂದನ್ನೂ ಉಳಿಸಲಿಲ್ಲ. ಇದಕ್ಕೆ ರಚನಾವಾದ ಅಂತಾರೆ ಸರ್, ತಿಳಿವಳಿಕೆಯನ್ನು ಯಾರೂ ಯಾರಿಗೂ ಕೊಡೋಕೆ ಆಗಲ್ಲ, ಕಲಿಯುವವರು ತಾವೇ ಕಟ್ಟಿಕೊಳ್ಳಬೇಕು ಎಂದರು. ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. ಇದೇನು ಪಾಠವೋ, ಗಾರೆ ಕೆಲಸವೋ? ತಪ್ಪು ಮಾಡಿದರೆ ತಪ್ಪು ಅನ್ನುವವರು ಯಾರು ಎಂದು ಕೇಳಿದರೆ, ಯಾರೂ ಅನ್ನಲ್ಲ ಸರ್, ರಸ್ತೆಯೇ ತೋರಿಸುತ್ತೆ ಎಂಬ ಉತ್ತರ ಬಂತು. ಹೇಳಿಕೊಟ್ಟರೆ ಕೆಲಸ ಹೋಗುತ್ತದೆ. ಹೇಳಿಕೊಡದೆಯೇ ಅವರು ಕಲಿತುಬಿಟ್ಟರೆ ಮೇಷ್ಟ್ರು ಎಂಬ ಪ್ರಾಣಿ ಯಾಕೆ ಬೇಕು? ಒಂದು ವಾರದಿಂದ ಇದೇ ಗೊಂದಲ.

ಅದಕ್ಕೇ ಇವತ್ತು ಬೆಳಿಗ್ಗೆ ಮನೆ ಬಿಡುವಾಗ ಹೆಂಡತಿಯ ಕಿವಿಯಲ್ಲಿ ಉತ್ತರ ಊದಿಯೇ ಬಂದಿದ್ದರು: ರಸ್ತೆಗೆ ಒಂದು ಚೆಂಡು ಉರುಳಿ ಬರುತ್ತದೆ, ಚೆಂಡು ಕಂಡ ತಕ್ಷಣ ಕೆಂಪು ಬಟನ್ ಒತ್ತು, ಅದೇ ಬ್ರೇಕು. ಹಿಂದೊಮ್ಮೆ ಮೇಡಂ ಇವರಿಗೆ ತೋರಿಸಿದ್ದ ರಸ್ತೆಯಲ್ಲಿ ಇದ್ದದ್ದು ಚೆಂಡೇ.

ಪರದೆಯ ಮೇಲೆ ರಸ್ತೆ ಮೂಡಿತು. ಕಾರು ಹೊರಟಿತು. ಎದುರಿಗೆ ರಸ್ತೆಯ ಪಕ್ಕದಲ್ಲಿ ನಿಂತ ಒಂದು ವ್ಯಾನು, ಆಚೆ ಅಂಗಡಿ ಸಾಲು. ಹೆಂಡತಿ ಕೆಂಪು ಬಟನ್ನಿನ ಮೇಲೆ ಬೆರಳಿಟ್ಟು ಚೆಂಡಿಗಾಗಿ ಕಾದಳು. ಮೇಷ್ಟ್ರೂ ಕಾದರು. ಚೆಂಡು ಬರಲಿಲ್ಲ. ವ್ಯಾನಿನ ಹಿಂದಿನಿಂದ ಒಂದು ಮಗು ಓಡಿಬಂತು, ಅಷ್ಟೇ. ಕಾರು ನಿಲ್ಲಲಿಲ್ಲ, ಪರದೆ ಕಪ್ಪಾಯಿತು.

“ಚೆಂಡು ಬರಲೇ ಇಲ್ವಲ್ಲ” ಎಂದಳು ಆಕೆ.

“ಯಾವ ಚೆಂಡಮ್ಮ?” ಎಂದರು ಮೇಡಂ.

ಆಕೆ ಗಂಡನ ಕಡೆ ನೋಡಿದಳು. ಮೇಡಂ ಕೂಡ ನೋಡಿದರು. ಮೇಷ್ಟ್ರು ಸಿಕ್ಕಿಬಿದ್ದ ಹುಡುಗನ ಹಾಗೆ ಪಿಳಿಪಿಳಿ ಕಣ್ಣು ಬಿಟ್ಟರು. ರಸ್ತೆ ಪ್ರತಿ ಸಲವೂ ಬದಲಾಗುತ್ತದೆ ಎಂಬುದನ್ನು ಮೇಡಂ ಹಿಂದೆಯೇ ಹೇಳಿದ್ದರು, ಇವರು ಕೇಳಿಸಿಕೊಂಡಿರಲಿಲ್ಲ. ಕೆಲಸ ಹೋಯಿತು ಎಂದು ನಿಶ್ಚಯವಾಯಿತು. ನಾಚಿಕೆಯಿಂದ ಮುಖ ಕೆಂಪಾಯಿತು.

ಮೇಡಂ ಪೆನ್ನಿನ ತುದಿ ಕಚ್ಚಿದರು. ಆಮೇಲೆ, “ಸರ್, ಅದೇ ರಸ್ತೆ ಇನ್ನೊಂದು ಸಲ ಹಾಕ್ತೀನಿ. ಅದಕ್ಕೆ ಮುಂಚೆ ನೀವು ಒಂದೇ ಒಂದು ಪ್ರಶ್ನೆ ಕೇಳಬಹುದು. ಅದರೊಳಗೆ ಉತ್ತರ ಇರಬಾರದು” ಎಂದರು.

ಪ್ರಶ್ನೆಯೊಳಗೆ ಉತ್ತರ ಬಚ್ಚಿಡುವುದರಲ್ಲಿ ಮೇಷ್ಟ್ರು ಪಳಗಿದವರು; ಬ್ರೇಕ್ ಯಾವಾಗ ಒತ್ತಬೇಕು, ಈಗ ತಾನೇ ಎಂದು ಕೇಳಿಯೇ ಇಪ್ಪತ್ತೆಂಟು ವರ್ಷ ಕಳೆದಿದ್ದರು. ಆದರೆ ಬಚ್ಚಿಡಲು ಈ ಸಲ ಅವರ ಹತ್ತಿರ ಉತ್ತರವೇ ಇರಲಿಲ್ಲ. ಆ ಮಗು ಬರುತ್ತದೆಂದು ಮೊದಲೇ ತಿಳಿಯುವುದು ಹೇಗೆ ಎಂಬುದು ಅವರಿಗೂ ಗೊತ್ತಿರಲಿಲ್ಲ. ಬೇರೇನೂ ತೋಚದೆ, “ಅಲ್ಲಿ ನಿಂಗೆ ಏನೇನು ಕಾಣಿಸುತ್ತೆ?” ಎಂದರು.

ಹೆಂಡತಿ ಅವರನ್ನೇ ಒಂದು ಕ್ಷಣ ದಿಟ್ಟಿಸಿದಳು. ಹಿಂದೆ ಒಂಬತ್ತು ದಿನ ಗಂಡನ ಹತ್ತಿರ ಕಾರು ಕಲಿಯಲು ಹೋಗಿ, ಹತ್ತನೆಯ ದಿನ ನಡುರಸ್ತೆಯಲ್ಲಿ ಇಳಿದು ಮನೆಗೆ ನಡೆದುಬಂದವಳು ಆಕೆ. ಆ ಒಂಬತ್ತು ದಿನದಲ್ಲಿ ಈ ಮಾತನ್ನು ಅವರು ಒಂದು ಸಲವೂ ಕೇಳಿರಲಿಲ್ಲ.

ಕಾರು ಮತ್ತೆ ಹೊರಟಿತು. ಆಕೆ ಪರದೆಯ ಹತ್ತಿರಕ್ಕೆ ಬಗ್ಗಿದಳು. ವ್ಯಾನು ಇನ್ನೂ ದೂರವಿತ್ತು, ರಸ್ತೆ ಖಾಲಿಯಿತ್ತು. ಆಕೆ ಮೆಲ್ಲಗೆ ಕೆಂಪು ಬಟನ್ ಒತ್ತಿದಳು. ಕಾರು ನಿಂತಿತು. ಮಗು ರಸ್ತೆ ದಾಟಿಕೊಂಡು ತನ್ನ ಪಾಡಿಗೆ ಹೋಯಿತು.

“ಯಾಕೆ ನಿಲ್ಲಿಸಿದಿರಮ್ಮ?”

“ವ್ಯಾನಿನ ಅಡಿಯಲ್ಲಿ ಎರಡು ಪುಟ್ಟ ಕಾಲು ಕಾಣಿಸ್ತು.”

ಮೇಡಂ ದೃಶ್ಯವನ್ನು ಸ್ವಲ್ಪ ಹಿಂದಕ್ಕೆ ಓಡಿಸಿ ನಿಲ್ಲಿಸಿದರು. ಮೇಷ್ಟ್ರು ಎದ್ದು ಬಂದು ಕನ್ನಡಕ ಏರಿಸಿ ನೋಡಿದರು. ಹೌದು, ಚಕ್ರಗಳ ನಡುವೆ ಎರಡು ನೀಲಿ ಚಪ್ಪಲಿ. ಮೊದಲ ಸಲವೂ ಅಲ್ಲೇ ಇದ್ದಿರಬೇಕು. ಇಷ್ಟು ವರ್ಷದ ಅನುಭವದ ಕಣ್ಣಿಗೆ ಯಾಕೆ ಬೀಳಲಿಲ್ಲ? ತಾನು ಕಲಿಸಿದ್ದೇನು, ಅವಳು ಕಲಿತದ್ದು ಯಾರಿಂದ, ಪರೀಕ್ಷೆ ಗೆದ್ದದ್ದೋ ಸೋತದ್ದೋ, ಒಂದೂ ಬಗೆಹರಿಯದೆ ಹೋಗಿ ಮತ್ತೆ ಕುರ್ಚಿಯಲ್ಲಿ ಕುಳಿತರು. ಮೇಡಂ ಏನನ್ನೋ ಬರೆದುಕೊಂಡರು.

ಮುಂದಿನ ರಸ್ತೆ ಮೂಡಿತು. ಕಾರು ವೇಗ ಹಿಡಿಯಿತು. ಹೆಂಡತಿ ಹಿಂದೆ ತಿರುಗಿ ಕೂಡ ನೋಡದೆ ಹೇಳಿದಳು:

“ರೀ, ಕಾಲು ತೆಗೀರಿ. ನಾನೇ ನಿಲ್ಲಿಸ್ತೀನಿ.”

ಮೇಷ್ಟ್ರು ಬಗ್ಗಿ ನೋಡಿಕೊಂಡರು. ಆಪರೇಷನ್ ಆದ ಬಲಗಾಲು ಕುರ್ಚಿಯ ಮುಂದಿನ ಬರಿಯ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು.