ಕುಡಿಯದ ತೀರ್ಥ

ಪುರೋಹಿತರು ಕೊಟ್ಟ ತೀರ್ಥವನ್ನು ಅವನು ಈ ವರ್ಷವೂ ಕುಡಿಯಲಿಲ್ಲ. ನೀರನ್ನು ಬೆರಳ ಸಂದಿಯಿಂದ ಜಾರಲು ಬಿಟ್ಟು, ಅಂಗೈಗೆ ಅಂಟಿದ ತುಳಸಿ ದಳವನ್ನು ಪಕ್ಕಕ್ಕಿಟ್ಟ.

"ಭಾವ ಐಸಿಯುನಿಂದ ನಾಸ್ತಿಕರಾಗಿ ಹೊರಗೆ ಬಂದ್ರು ನೋಡಿ," ಎಂದ ಹೆಂಡತಿಯ ತಮ್ಮ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕೆಲವು ವರ್ಷಗಳ ಹಿಂದೆ ಕರುಳು ತೂತಾಗಿ ಗಂಡ ಸಾಯುವ ಸ್ಥಿತಿಗೆ ಬಂದಾಗ, ವರ್ಷವರ್ಷವೂ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆಂದು ಹರಕೆ ಹೊತ್ತವಳು ಅವಳೇ.

ನೆಂಟರೆಲ್ಲ ಹೋದ ಮೇಲೆ ಕೇಳಿದಳು: "ಬದುಕಿಸಿದ ದೇವರ ಮೇಲೆ ಯಾಕ್ರೀ ಇಷ್ಟು ಕೋಪ?"

"ದೇವರ ಮೇಲೆ ಕೋಪ ಇಲ್ಲ ಕಣೇ."

"ಮತ್ತೆ? ಆಸ್ಪತ್ರೇಲಿ ನೀರು ನೀರು ಅಂತ ಎಷ್ಟು ಅಂಗಲಾಚಿದ್ರಿ. ಒಂದು ಹನಿ ಒಳಗೆ ಹೋದ್ರೂ ಅಪಾಯ ಅಂತ ಡಾಕ್ಟರು ಹೇಳಿದ್ರು, ಮನಸ್ಸು ಕಲ್ಲು ಮಾಡ್ಕೊಂಡು ಕೊಡಲಿಲ್ಲ. ಈಗ ಕೊಟ್ರೆ ಚೆಲ್ತೀರಿ."

"ಕೊನೆಗೆ ಒಂದಿನ ಕೊಟ್ಟೆಯಲ್ಲ."

ಪಂಚಪಾತ್ರೆ ಒರೆಸುತ್ತಿದ್ದ ಅವಳ ಕೈ ನಿಂತಿತು.

"ಅವತ್ತು ನಿಮಗೆ ಪ್ರಜ್ಞೆಯೇ ಇರಲಿಲ್ಲ. ಇನ್ನು ನಮ್ಮ ಕೈಲಿಲ್ಲ, ಮನೆಯವರನ್ನೆಲ್ಲ ಕರೆಸಿ ಅಂತ ಡಾಕ್ಟರೇ ಅಂದಿದ್ರು."

"ಕಣ್ಣು ಬಿಡೋಕೆ ಆಗ್ತಿರಲಿಲ್ಲ, ಅಷ್ಟೇ."

ಅವನು ತನ್ನ ಅಂಗೈಯನ್ನೇ ನೋಡುತ್ತಿದ್ದ.

"ತುಟಿಗೆ ನೀರು ತಾಗಿದಾಗ, ಅಬ್ಬ, ನೀರು ಕೊಡ್ತಿದಾಳೆ, ಅಂದ್ರೆ ನಾನು ಉಳ್ಕೊಂಡೆ ಅಂತ ಎಷ್ಟು ಖುಷಿಯಾಯ್ತು ಗೊತ್ತಾ? ಆಮೇಲೆ ತುಳಸಿ ವಾಸನೆ ಬಂತು."